ಬಣ್ಣ ಹಚ್ಚಿದ್ದು ಹೌದು, ಚಿತ್ರ ಸುಳ್ಳಲ್ಲ

ಶನಿಗೆ ಒಂದೇ ಏಟಿಗೆ 128 ಹೊಸ ಚಂದ್ರರು. ಯುರೇನಸ್‌ಗೆ ಇನ್ನೊಂದು. ವಿಶ್ವ ಹುಟ್ಟಿ ಬರೀ 28 ಕೋಟಿ ವರ್ಷಕ್ಕೇ ಹೊಳೆಯುತ್ತಿದ್ದ ಒಂದು ಗ್ಯಾಲಕ್ಸಿ. ಇವೆಲ್ಲ 2025ರ ಸುದ್ದಿಗಳು. ಇವುಗಳ ಬೆನ್ನಿಗೇ ಬೇರೆ ಮಾತುಗಳೂ ಫೋನಿನಿಂದ ಫೋನಿಗೆ ಹಾರಿದವು, ಈಗಲೂ ಹಾರುತ್ತಿವೆ. ಬಿಗ್ ಬ್ಯಾಂಗ್ ಸುಳ್ಳಂತೆ. ವಿಶ್ವದ ವಯಸ್ಸು ಎರಡು ಪಟ್ಟಂತೆ. ನಾಸಾದವರು ಫೋಟೋಗಳಿಗೆಲ್ಲ ಕಂಪ್ಯೂಟರಿನಲ್ಲಿ ಬಣ್ಣ ಬಳಿಯುತ್ತಾರಂತೆ.

ಕಾಸರಗೋಡಿನಲ್ಲಿ ಈ ಗೊಂದಲ ಸ್ವಲ್ಪ ಜಾಸ್ತಿಯೇ. ಬೆಳಗ್ಗೆ ಕನ್ನಡ ಪತ್ರಿಕೆ, ಸಂಜೆ ಮಲಯಾಳಂ ಚಾನೆಲ್, ನಡುವೆ ಇಂಗ್ಲಿಷ್ ರೀಲ್ಸ್. ಒಂದೇ ಸುದ್ದಿ ಮೂರು ವೇಷದಲ್ಲಿ ಬರುತ್ತದೆ. ಹಾಗಂತ ಆಕಾಶದ ಬಗ್ಗೆ ಇಲ್ಲಿನವರಿಗೆ ಆಸಕ್ತಿ ಇಲ್ಲ ಎನ್ನುವಂತಿಲ್ಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಇದೇ ಜಿಲ್ಲೆಯ ಚೆರುವತ್ತೂರಿನಲ್ಲಿ ತುಂಬಾ ಚೆನ್ನಾಗಿ ಕಂಡಿತ್ತು. ಆ ದಿನ ಚಂದ್ರ ಭೂಮಿಯಿಂದ ಸಾಕಷ್ಟು ದೂರದಲ್ಲಿದ್ದ. ಹಾಗಾಗಿ ಸೂರ್ಯನಿಗಿಂತ ಚಿಕ್ಕದಾಗಿ ಕಂಡ, ಪೂರ್ತಿ ಮುಚ್ಚಲು ಆಗಲಿಲ್ಲ, ಸುತ್ತ ಒಂದು ಬಳೆ ಉಳಿಯಿತು. ಇಂಥ ಗ್ರಹಣದಲ್ಲಿ ಮರದ ಕೆಳಗೆ ನೋಡಬೇಕು. ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ಚುಕ್ಕೆಗಳೆಲ್ಲ ಪುಟ್ಟ ಪುಟ್ಟ ಬಳೆಗಳಾಗಿರುತ್ತವೆ. ಒಂದೊಂದು ಸಂದಿಯೂ ಲೆನ್ಸ್ ಇಲ್ಲದ ಒಂದು ಕ್ಯಾಮೆರಾ.

ಆ ಬಳೆ ಸೂರ್ಯನ ನಿಜವಾದ ಚಿತ್ರವೇ. ಆದರೆ ಅದನ್ನು ನೋಡಿ ‘ಸೂರ್ಯನ ನಡುವೆ ತೂತು ಬಿದ್ದಿದೆ’ ಅಂದರೆ? ಚಿತ್ರ ಸರಿ, ಓದಿದ್ದು ತಪ್ಪು. ಈಗಿನ ಗೊಂದಲಗಳಲ್ಲಿ ಹೆಚ್ಚಿನವು ಈ ಜಾತಿಯವೇ.

ಯಾವ ಉಪಗ್ರಹ?

ಮೊದಲ ತೊಡಕು ಪದದ್ದು. ಕನ್ನಡದಲ್ಲಿ ಗ್ರಹ ಸುತ್ತುವ ಚಂದ್ರನೂ ಉಪಗ್ರಹ, ಇಸ್ರೋ ಶ್ರೀಹರಿಕೋಟಾದಿಂದ ಹಾರಿಸುವುದೂ ಉಪಗ್ರಹ. ಮಲಯಾಳಂನಲ್ಲೂ ಇದೇ ಕಥೆ. ‘ಶನಿಗೆ 128 ಹೊಸ ಉಪಗ್ರಹ’ ಎಂಬ ತಲೆಬರಹ ಓದಿ, ಅಷ್ಟೊಂದನ್ನು ಹಾರಿಸಿದವರು ಯಾರು ಎಂದು ಯಾರಾದರೂ ಕೇಳಿದರೆ ಅದು ಕೇಳಿದವರ ತಪ್ಪಲ್ಲ. ‘ಚಂದ್ರ’ ಎಂದು ಬರೆದರೆ ಇನ್ನೊಂದು ತೊಂದರೆ, ತಲೆಯಲ್ಲಿ ಹುಣ್ಣಿಮೆಯ ಚಂದ್ರ ಮೂಡಿಬಿಡುತ್ತಾನೆ. ಶನಿಯ ಈ ಹೊಸ ಚಂದ್ರರಲ್ಲಿ ಹೆಚ್ಚಿನವು ಕೆಲವೇ ಕಿಲೋಮೀಟರ್ ಅಗಲದ ಬಂಡೆಗಳು. ಕಾಸರಗೋಡು ಪೇಟೆಯಿಂದ ಚಂದ್ರಗಿರಿ ಹೊಳೆ ದಾಟಿ ಮೇಲ್ಪರಂಬ ತಲುಪುವಷ್ಟರಲ್ಲಿ ಒಂದು ಇಡೀ ಚಂದ್ರ ಮುಗಿದುಹೋಗಿರುತ್ತದೆ.

ಇವುಗಳ ಫೋಟೋ ಇದೆಯಾ? ಇದೆ. ಆದರೆ ಪತ್ರಿಕೆಯಲ್ಲಿ ಅಚ್ಚು ಹಾಕುವಷ್ಟು ಚಂದ ಇಲ್ಲ. ತೈವಾನಿನಲ್ಲಿ ಕೆಲಸ ಮಾಡುವ ಎಡ್ವರ್ಡ್ ಆಷ್ಟನ್ ಮತ್ತು ಜತೆಗಾರರು ಹವಾಯಿಯ ಬೆಟ್ಟದ ಮೇಲಿರುವ ಕೆನಡಾ-ಫ್ರಾನ್ಸ್-ಹವಾಯಿ ದೂರದರ್ಶಕದಲ್ಲಿ ಶನಿಯ ಸುತ್ತಲಿನ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸಿದರು. ಒಂದೇ ಚಿತ್ರದಲ್ಲಿ ಈ ಬಂಡೆಗಳು ಕಾಣುವುದೇ ಇಲ್ಲ, ಅಷ್ಟು ಮಂಕು. ಅದಕ್ಕೆ ಒಂದು ಉಪಾಯ ಉಂಟು. ಶನಿ ಆಕಾಶದಲ್ಲಿ ಎಷ್ಟೆಷ್ಟು ಸರಿದಿದೆಯೋ ಅಷ್ಟಷ್ಟೇ ಪ್ರತಿ ಚಿತ್ರವನ್ನೂ ಸರಿಸಿ, ಒಂದರ ಮೇಲೊಂದು ಇಟ್ಟು ಕೂಡಿಸುತ್ತಾರೆ. ಹಿನ್ನೆಲೆಯ ನಕ್ಷತ್ರಗಳು ಉದ್ದಕ್ಕೆ ಗೀಟಾಗುತ್ತವೆ. ಶನಿಯ ಜತೆಗೇ ಸಾಗುವ ಬಂಡೆ ಮಾತ್ರ ಎಲ್ಲ ಚಿತ್ರಗಳಲ್ಲೂ ಒಂದೇ ಜಾಗಕ್ಕೆ ಬೀಳುತ್ತದೆ. ಅದರ ಚೂರುಪಾರು ಬೆಳಕು ಸೇರಿ ಸೇರಿ ಒಂದು ಚುಕ್ಕೆಯಾಗುತ್ತದೆ.

ಚುಕ್ಕೆ ಸಿಕ್ಕಿದರೆ ಮುಗಿಯಲಿಲ್ಲ. ಅದು ಶನಿಯನ್ನು ಸುತ್ತುತ್ತಿದೆಯೋ, ಸುಮ್ನೆ ಆ ಕಡೆ ಹಾದುಹೋಗುತ್ತಿರುವ ಕ್ಷುದ್ರಗ್ರಹವೋ ಎಂದು ತಿಳಿಯಲು ವರ್ಷಗಟ್ಟಲೆ ಹಿಂಬಾಲಿಸಬೇಕು. 2019ರಿಂದ 2021ರವರೆಗಿನ ಚಿತ್ರಗಳಿಂದ ಮೊದಲು 62 ಚಂದ್ರರು ಪಕ್ಕಾ ಆದವು. 2023ರಲ್ಲಿ ಮತ್ತೆ ನೋಡಿದಾಗ ಈ 128 ಸಿಕ್ಕವು. 2025ರ ಮಾರ್ಚ್‌ನಲ್ಲಿ ಒಟ್ಟು ಲೆಕ್ಕ 274ಕ್ಕೆ ಏರಿತು.

ಇಲ್ಲಿ ನಿಜವಾದ ತಕರಾರು ಒಂದಿದೆ. ಎಷ್ಟು ಚಿಕ್ಕ ಬಂಡೆಯವರೆಗೆ ಚಂದ್ರ ಎನ್ನಬಹುದು? ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಇದಕ್ಕೆ ಗೆರೆ ಎಳೆದಿಲ್ಲ. ಶನಿಯ ಬಳೆಯಲ್ಲಿರುವ ಒಂದೊಂದು ಹಿಮದ ತುಂಡೂ ಶನಿಯನ್ನೇ ಸುತ್ತುತ್ತದೆ, ಅವನ್ನೂ ಎಣಿಸೋಣವಾ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಸಂಖ್ಯೆಗಿಂತ ಈ ಬಂಡೆಗಳ ದಾರಿಯಲ್ಲಿ ಸ್ವಾರಸ್ಯ ಜಾಸ್ತಿ. ಇವುಗಳಲ್ಲಿ ಬಹಳಷ್ಟು ಶನಿ ತಿರುಗುವುದಕ್ಕೆ ಉಲ್ಟಾ ದಿಕ್ಕಿನಲ್ಲಿ, ಗುಂಪು ಗುಂಪಾಗಿ ಸುತ್ತುತ್ತವೆ. ಶನಿಯ ಸೆಳೆತಕ್ಕೆ ಸಿಕ್ಕಿಬಿದ್ದ ದೊಡ್ಡ ಚಂದ್ರರು ಡಿಕ್ಕಿ ಹೊಡೆದು ಚೂರಾಗಿ ಹೀಗಾಗಿರಬೇಕು ಎಂದು ವಿಜ್ಞಾನಿಗಳ ಊಹೆ. ಒಂದು ಗುಂಪಿನ ಡಿಕ್ಕಿ ಕಳೆದ 10 ಕೋಟಿ ವರ್ಷಗಳೊಳಗೇ ಆಗಿರಬಹುದು ಎಂದು ಆಷ್ಟನ್ ತಂಡದ ಅಂದಾಜು. ಸೌರಮಂಡಲದ ಲೆಕ್ಕದಲ್ಲಿ ಅದು ಮೊನ್ನೆ ಮೊನ್ನೆ.

ಬಣ್ಣ ಎಲ್ಲಿಂದ ಬಂತು?

ದೂರದರ್ಶಕದ ಕ್ಯಾಮೆರಾಕ್ಕೆ ಬಣ್ಣ ಗೊತ್ತಿಲ್ಲ. ಅದರ ಸೆನ್ಸರಿಗೆ ಒಂದೇ ಕೆಲಸ, ಪ್ರತಿ ಪಿಕ್ಸೆಲ್‌ಗೆ ಎಷ್ಟು ಬೆಳಕು ಬಿತ್ತು ಎಂದು ಎಣಿಸುವುದು. ಬರುವುದು ಕಪ್ಪು-ಬಿಳುಪು ಚಿತ್ರ. ಬಣ್ಣ ಬೇಕಾದರೆ ಮುಂದೆ ಒಂದೊಂದೇ ಫಿಲ್ಟರ್ ಇಟ್ಟು ಬೇರೆ ಬೇರೆ ಚಿತ್ರ ತೆಗೆದು, ಒಂದೊಂದಕ್ಕೂ ಒಂದು ಬಣ್ಣ ಕೊಟ್ಟು ಸೇರಿಸಬೇಕು. ನಮ್ಮ ಕೈಯಲ್ಲಿರುವ ಫೋನ್ ಮಾಡುವುದೂ ಇದನ್ನೇ. ಅದರ ಸೆನ್ಸರಿನ ಮೇಲೆ ಕೆಂಪು, ಹಸಿರು, ನೀಲಿಯ ಪುಟ್ಟ ಫಿಲ್ಟರ್‌ಗಳ ಚಾಪೆ ಹಾಸಿರುತ್ತದೆ. ಫೋನ್ ಒಳಗೊಳಗೇ ಮಾಡಿ ಮುಗಿಸುತ್ತದೆ, ನಮಗೆ ಹೇಳುವುದಿಲ್ಲ ಅಷ್ಟೇ.

ಬಾಹ್ಯಾಕಾಶದಲ್ಲಿರುವ ಹಬಲ್ ದೂರದರ್ಶಕ 1995ರಲ್ಲಿ ತೆಗೆದ ‘ಸೃಷ್ಟಿಯ ಕಂಬಗಳು’ ಚಿತ್ರವನ್ನೇ ನೋಡಿ. ಧೂಳು-ಅನಿಲದ ಮೂರು ಕಂಬಗಳು, ಹಿಂದೆ ಹಸಿರು-ನೀಲಿ ಹೊಳಪು. ಅಲ್ಲಿ ಹೈಡ್ರೋಜನ್‌ಗೆ ಹಸಿರು, ಗಂಧಕಕ್ಕೆ ಕೆಂಪು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದಾರೆ. ವಾಸ್ತವದಲ್ಲಿ ಹೈಡ್ರೋಜನ್ ಅಲ್ಲಿ ಹೊಳೆಯುವುದು ಕೆಂಪಾಗಿ. ಹಾಗಾದರೆ ಹಸಿರು ಯಾಕೆ? ಗಂಧಕದ ಹೊಳಪೂ ಕೆಂಪೇ. ಎರಡನ್ನೂ ಕೆಂಪಾಗಿಯೇ ಬಿಟ್ಟರೆ ಎಲ್ಲಿ ಯಾವುದಿದೆ ಎಂದು ಗೊತ್ತಾಗುವುದಿಲ್ಲ. ಬೇರ್ಪಡಿಸಿ ತೋರಿಸಲು ಹಚ್ಚಿದ ಬಣ್ಣ ಅದು. ತೆಂಕುತಿಟ್ಟು ಯಕ್ಷಗಾನ ನೋಡಿ ಬೆಳೆದ ಕುಂಬಳೆ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಣ್ಣದ ವೇಷ ರಂಗಕ್ಕೆ ಬಂದರೆ ಮುಖದ ಬರವಣಿಗೆ ನೋಡಿಯೇ ರಾಕ್ಷಸ ಎಂದು ತಿಳಿಯುತ್ತದೆ. ಕಲಾವಿದನ ಮೈಬಣ್ಣ ಅದಲ್ಲ ಎಂದು ಯಾರೂ ದೂರು ಕೊಡುವುದಿಲ್ಲ.

ಬಾಹ್ಯಾಕಾಶದ ಇನ್ನೊಂದು ದೂರದರ್ಶಕ ಜೇಮ್ಸ್ ವೆಬ್‌ನದು ಇನ್ನೂ ಒಂದು ಹೆಜ್ಜೆ ಮುಂದೆ. ಅದು ನೋಡುವುದು ಬಹುಪಾಲು ಇನ್‌ಫ್ರಾರೆಡ್ ಬೆಳಕನ್ನು, ಅಂದರೆ ಮನುಷ್ಯನ ಕಣ್ಣಿಗೆ ಬಣ್ಣವೇ ಇಲ್ಲದ ಬೆಳಕನ್ನು. ಅದರಲ್ಲಿ ಚಿಕ್ಕ ಅಲೆಗೆ ನೀಲಿ, ಉದ್ದ ಅಲೆಗೆ ಕೆಂಪು, ನಡುವಿನದಕ್ಕೆ ನಡುವಿನ ಬಣ್ಣ ಎಂದು ಕ್ರಮ ತಪ್ಪದೆ ಕೊಡುತ್ತಾರೆ. ಎತ್ತರದ ಶ್ರುತಿಯ ಪದ್ಯವನ್ನು ತಗ್ಗಿನ ಶ್ರುತಿಗೆ ಇಳಿಸಿ ಹಾಡಿದ ಹಾಗೆ. ಸ್ವರಗಳ ನಡುವಿನ ಅಂತರ ಉಳಿದರೆ ರಾಗ ಉಳಿಯುತ್ತದೆ.

ಕಣ್ಣಾರೆ ಪರೀಕ್ಷೆ ಮಾಡಬೇಕೆಂದರೆ ಚಿತ್ರವನ್ನು ದೊಡ್ಡದು ಮಾಡಿ, ಹೊಳೆಯುವ ನಕ್ಷತ್ರಗಳ ಸುತ್ತ ಮೂಡಿರುವ ಕಿರಣಗಳನ್ನು ಎಣಿಸಿ. ನಾಲ್ಕಿದ್ದರೆ ಹಬಲ್‌ನದ್ದಿರಬಹುದು. ಆರು ಉದ್ದದವು, ಅಡ್ಡಕ್ಕೆ ಎರಡು ಗಿಡ್ಡದವು, ಒಟ್ಟು ಎಂಟಿದ್ದರೆ ಜೇಮ್ಸ್ ವೆಬ್. ಅದರ ಕನ್ನಡಿ ಆರು ಮೂಲೆಯ 18 ತುಂಡುಗಳಿಂದ ಆದದ್ದು. ಆ ಅಂಚುಗಳಲ್ಲಿ ಬೆಳಕು ಚದುರಿ ಆರು ಕಿರಣ ಮೂಡುತ್ತದೆ, ಮುಂದಿನ ಚಿಕ್ಕ ಕನ್ನಡಿಯನ್ನು ಹಿಡಿದಿರುವ ಕಂಬಿಗಳಿಂದ ಇನ್ನೆರಡು. ನಕ್ಷತ್ರಕ್ಕೆ ಕೋಡು ಇಲ್ಲ, ಅದು ಉಪಕರಣದ ಸಹಿ. ಗ್ಯಾಲಕ್ಸಿಗಳಿಗೆ ಸಾಮಾನ್ಯವಾಗಿ ಈ ಕಿರಣ ಇರುವುದಿಲ್ಲ. ಆದ್ದರಿಂದ ಚಿತ್ರದಲ್ಲಿ ಯಾವುದು ನಮ್ಮ ಹತ್ತಿರದ ನಕ್ಷತ್ರ, ಯಾವುದು ದೂರದ ಗ್ಯಾಲಕ್ಸಿ ಎಂದು ಬೇರ್ಪಡಿಸಲೂ ಇದು ಉಪಯೋಗಕ್ಕೆ ಬರುತ್ತದೆ.

ಆದರೆ ಪೂರ್ತಿ ಕೈಯಲ್ಲೇ ಬಿಡಿಸಿದ ಚಿತ್ರಗಳೂ ಉಂಟು, ಎಡವಟ್ಟು ಆಗುವುದು ಅಲ್ಲೇ. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ತಂಡ ದೂರದ ನಕ್ಷತ್ರವೊಂದನ್ನು ಸುತ್ತುವ ಕೆ2-18ಬಿ ಎಂಬ ಗ್ರಹದಲ್ಲಿ ಜೀವದ ಸುಳಿವು ಇರಬಹುದು ಎಂದಿತು. ಸುದ್ದಿಯ ಜತೆ ಬಂದ ನೀಲಿ ಗ್ರಹ ಕಲಾವಿದರ ಕಲ್ಪನೆ. ತಂಡದ ಬಳಿ ಇದ್ದದ್ದು ಅಂಕುಡೊಂಕಾದ ಒಂದು ಗ್ರಾಫ್. ಆ ಗ್ರಾಫಿನ ಅರ್ಥವನ್ನು ಬೇರೆ ಹಲವು ವಿಜ್ಞಾನಿಗಳು ಒಪ್ಪಿಲ್ಲ. ‘ಕಲ್ಪನಾ ಚಿತ್ರ’ ಎಂಬ ಎರಡು ಪದವನ್ನು ಕೆಳಗೆ ಹಾಕದೆ ಅಚ್ಚು ಮಾಡುವವರಿಂದಲೇ ‘ನಾಸಾ ಫೋಟೋ ಎಲ್ಲ ಸುಳ್ಳು’ ಎನ್ನುವವರಿಗೆ ಬಲ ಬರುವುದು.

ಗ್ಯಾಲಕ್ಸಿ ಕಾಣುತ್ತದೆ, ಬಾವುಟ ಕಾಣುವುದಿಲ್ಲ

ಕೋಟ್ಯಂತರ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿ ಕಾಣುತ್ತೆ, ಚಂದ್ರನ ಮೇಲಿನ ಬಾವುಟ ಯಾಕೆ ಕಾಣಲ್ಲ? ಈ ಪ್ರಶ್ನೆಗೆ ಉತ್ತರ ಚಿಕ್ಕದು. ಗ್ಯಾಲಕ್ಸಿ ಅಷ್ಟು ದೊಡ್ಡದು. ನಮ್ಮ ನೆರೆಯ ಆಂಡ್ರೊಮೆಡಾ ಗ್ಯಾಲಕ್ಸಿ ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಆರು ಪಟ್ಟು ಅಗಲ ಇದೆ, ಮಂಕಾಗಿರುವುದರಿಂದ ನಮಗೆ ಅಷ್ಟು ಕಾಣುವುದಿಲ್ಲ. ಹಬಲ್‌ನಿಂದ ಚಂದ್ರನನ್ನು ನೋಡಿದರೆ ಸುಮಾರು 90 ಮೀಟರಿಗಿಂತ ಚಿಕ್ಕದು ಯಾವುದೂ ಬೇರೆಯಾಗಿ ತೋರುವುದಿಲ್ಲ. ಬಾವುಟ ಎಲ್ಲಿಂದ ಬರಬೇಕು! ಹತ್ತಿರ ಹೋದರೆ ಬೇರೆ ಮಾತು. ಚಂದ್ರನಿಂದ 100 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಚಂದ್ರಯಾನ-2ರ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು ಕಾಲು ಮೀಟರ್. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರನ್ನು ಅದು ಚಿತ್ರಿಸಿದೆ.

ಕಾವಲೂರಿನಲ್ಲಿ ಕಂಡ ‘ಚಂದ್ರ’

1977ರ ಮಾರ್ಚ್ 10. ಯುರೇನಸ್ ಒಂದು ನಕ್ಷತ್ರದ ಎದುರು ಹಾದುಹೋಗುವುದಿತ್ತು. ತಮಿಳುನಾಡಿನ ಜವ್ವಾದು ಬೆಟ್ಟದಲ್ಲಿರುವ ಕಾವಲೂರು ವೀಕ್ಷಣಾಲಯದಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಒಂದು ಮೀಟರಿನ ದೂರದರ್ಶಕದಲ್ಲಿ ಆ ನಕ್ಷತ್ರದ ಬೆಳಕನ್ನು ಅಳೆಯುತ್ತಿದ್ದರು. ಗ್ರಹ ಇನ್ನೂ ನಕ್ಷತ್ರದ ಹತ್ತಿರ ಬಂದಿರಲಿಲ್ಲ. ಅಷ್ಟರಲ್ಲೇ ಬೆಳಕು ಕೆಲವೇ ಸೆಕೆಂಡು ಇಳಿದು ಮತ್ತೆ ಏರಿತು.

ಗೊತ್ತಿಲ್ಲದ ಏನೋ ಒಂದು ಅಡ್ಡ ಬಂದಿದೆ. ಯುರೇನಸ್‌ನ ಹೊಸ ಚಂದ್ರ ಇರಬೇಕು ಎಂದು ಅವರು ಬರೆದರು. ಅದೇ ಹೊತ್ತಿಗೆ ಜೇಮ್ಸ್ ಎಲಿಯಟ್ ತಂಡ ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿ ಹಾರುತ್ತ ಇದೇ ನಕ್ಷತ್ರವನ್ನು ನೋಡುತ್ತಿತ್ತು. ಅವರಿಗೆ ಗ್ರಹದ ಈಚೆಗೆ ಐದು ಸಲ ಇಳಿತ ಸಿಕ್ಕಿತು, ಆಚೆಗೂ ಅಷ್ಟೇ ದೂರಗಳಲ್ಲಿ ಐದು ಸಲ. ಚಂದ್ರ ಒಂದೇ ಕಡೆ ಇರುತ್ತದೆ. ಎರಡೂ ಕಡೆ ಸರಿಸಮ ಇರಬೇಕಾದರೆ ಅದು ಬಳೆಯೇ. ಯುರೇನಸ್‌ಗೆ ಬಳೆಗಳಿವೆ ಎಂದು ಜಗತ್ತಿಗೆ ತಿಳಿದದ್ದು ಹಾಗೆ. ಆ ದಿನ ಬಳೆಯ ಒಂದು ಫೋಟೋವನ್ನೂ ಯಾರೂ ತೆಗೆದಿರಲಿಲ್ಲ.

ಕಾವಲೂರಿನ ಅಳತೆ ತಪ್ಪಿರಲಿಲ್ಲ. ಒಂದೇ ಇಳಿತದಿಂದ ಅದಕ್ಕಿಂತ ಹೆಚ್ಚು ಹೇಳಲು ಆಗುತ್ತಿರಲಿಲ್ಲ. 48 ವರ್ಷಗಳ ನಂತರ, 2025ರ ಫೆಬ್ರವರಿ 2ರಂದು ಜೇಮ್ಸ್ ವೆಬ್ ಅದೇ ಬಳೆಗಳ ಸುತ್ತಮುತ್ತಲನ್ನು ತಲಾ 40 ನಿಮಿಷದ ಹತ್ತು ಚಿತ್ರಗಳಲ್ಲಿ ಹಿಡಿಯಿತು. ಅದರಲ್ಲಿ ಒಂದು ಚುಕ್ಕೆ ಚಿತ್ರದಿಂದ ಚಿತ್ರಕ್ಕೆ ಸರಿಯುತ್ತಿತ್ತು. ಸುಮಾರು 10 ಕಿಲೋಮೀಟರ್ ಅಗಲ. 1986ರಲ್ಲಿ ಪಕ್ಕದಲ್ಲೇ ಹಾದುಹೋದ ವಾಯೇಜರ್-2ರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಈ ಸಲ ನಿಜವಾಗಿಯೂ ಚಂದ್ರನೇ, ಯುರೇನಸ್‌ನ 29ನೆಯದು.

ಒಂದು ಕೆಂಪು ಚುಕ್ಕೆ ಪರೀಕ್ಷೆಯಲ್ಲಿ ಫೇಲ್

ಈಗ ದೊಡ್ಡ ಗಲಾಟೆಗೆ ಬರೋಣ. ಜೇಮ್ಸ್ ವೆಬ್ 2022ರ ಜುಲೈಯಲ್ಲಿ ಕೆಲಸ ಶುರು ಮಾಡಿದ ಕೆಲವೇ ವಾರಗಳಲ್ಲಿ ‘ಇಷ್ಟು ಬೇಗ ಇಷ್ಟು ದೊಡ್ಡ ಗ್ಯಾಲಕ್ಸಿ ಹೇಗೆ?’ ಎಂಬ ಪ್ರಶ್ನೆ ಎದ್ದಿತು. ಇದು ಅರ್ಥವಾಗಬೇಕಾದರೆ ದೂರ ಅಳೆಯುವುದು ಹೇಗೆ ಎಂದು ತಿಳಿಯಬೇಕು.

ವಿಶ್ವ ಹಿಗ್ಗುತ್ತಿದೆ. ಅದರೊಳಗೆ ಸಾಗಿ ಬರುವ ಬೆಳಕಿನ ಅಲೆಯೂ ಹಿಗ್ಗುತ್ತದೆ. ದೂರದಿಂದ ಬಂದಷ್ಟೂ ಹಿಗ್ಗು ಜಾಸ್ತಿ. ಮೊದಲು ಹೇಳಿದ 28 ಕೋಟಿ ವರ್ಷದ ಹೊತ್ತಿನ ಗ್ಯಾಲಕ್ಸಿಯ ಹೆಸರು ಮಾಮ್-ಜಡ್14. ಅದರ ಬೆಳಕು ಹೊರಟಾಗ ನೇರಳಾತೀತ, ನಮ್ಮನ್ನು ತಲುಪುವಾಗ 15 ಪಟ್ಟಿಗಿಂತ ಹೆಚ್ಚು ಹಿಗ್ಗಿ ಇನ್‌ಫ್ರಾರೆಡ್. ಇಂಥ ಗ್ಯಾಲಕ್ಸಿಗಳಿಗೆ ಇನ್ನೊಂದು ಗುಣ ಇದೆ. ಒಂದು ಮಿತಿಗಿಂತ ಚಿಕ್ಕ ಅಲೆಯನ್ನು ದಾರಿಯಲ್ಲಿರುವ ಹೈಡ್ರೋಜನ್ ನುಂಗಿಬಿಡುತ್ತದೆ. ಆದ್ದರಿಂದ ಅವು ಕೆಲವು ಫಿಲ್ಟರ್‌ಗಳಲ್ಲಿ ಮಾಯ, ಮುಂದಿನ ಫಿಲ್ಟರಿನಲ್ಲಿ ಹಾಜರು. ಯಾವ ಫಿಲ್ಟರಿನಲ್ಲಿ ಮಾಯವಾಯಿತು ಎಂದು ನೋಡಿ ದೂರವನ್ನು ಅಂದಾಜು ಮಾಡುತ್ತಾರೆ. ಇದು ಬರೀ ಅಂದಾಜು. ಪಕ್ಕಾ ಆಗಬೇಕಾದರೆ ರೋಹಿತ ತೆಗೆಯಬೇಕು, ಅಂದರೆ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ಗೆರೆಗಳು ಎಲ್ಲಿ ಬಿದ್ದಿವೆ ಎಂದು ನೋಡಬೇಕು.

ಸೀರ್ಸ್-93316 ಎಂಬ ಒಂದು ಕೆಂಪು ಚುಕ್ಕೆ 2022ರಲ್ಲಿ ಭಾರೀ ಸುದ್ದಿಯಾಯಿತು. ಬಿಗ್ ಬ್ಯಾಂಗ್ ಆಗಿ 25 ಕೋಟಿ ವರ್ಷದೊಳಗಿನದು, ದಾಖಲೆ ಎಂದರು. ಮರುವರ್ಷ ರೋಹಿತ ತೆಗೆದಾಗ ಬಂದ ಉತ್ತರ ಸುಮಾರು 120 ಕೋಟಿ ವರ್ಷ. ಅದು ಅಷ್ಟು ದೂರದ್ದಲ್ಲ, ಧೂಳು ತುಂಬಿದ್ದು. ಧೂಳಿನಿಂದ ಕೆಂಪಾಗಿತ್ತು. ಅದರ ಅನಿಲದ ಗಾಢ ಹೊಳಪು ಸರಿಯಾಗಿ ಕೆಲವು ಫಿಲ್ಟರ್‌ಗಳಿಗೇ ಬಿದ್ದು ದೂರದ ಗ್ಯಾಲಕ್ಸಿಯ ವೇಷ ಹಾಕಿಕೊಟ್ಟಿತ್ತು. ಅದೇ ಪರೀಕ್ಷೆಗೆ ಕೂತ ಇನ್ನೊಂದು, ಮೇಸೀಸ್ ಗ್ಯಾಲಕ್ಸಿ, ಪಾಸಾಯಿತು. ಅದು ನಿಜಕ್ಕೂ 39 ಕೋಟಿ ವರ್ಷದ ಹೊತ್ತಿನದು. ದಾಖಲೆಯ ಸುದ್ದಿ ಮುಖಪುಟದಲ್ಲಿ ಬಂದಿತ್ತು. ಫೇಲಾದ ಸುದ್ದಿ ಎಷ್ಟು ಜನ ಓದಿದರು?

ಹಾಗಂತ ಎಲ್ಲ ದಾಖಲೆಗಳೂ ಬಿದ್ದುಹೋಗಲಿಲ್ಲ. ಮಾಮ್-ಜಡ್14ರ ದೂರ ರೋಹಿತದಿಂದಲೇ ಪಕ್ಕಾ ಆದದ್ದು. ಇಷ್ಟು ಬೇಗ ಇಷ್ಟೊಂದು ಹೊಳಪು ಹೇಗೆ ಬಂತು ಎಂಬ ಪ್ರಶ್ನೆ ಹಾಗೇ ಉಳಿದಿದೆ. ಆಗಿನ ಗ್ಯಾಲಕ್ಸಿಗಳು ಅನಿಲವನ್ನು ಬಹಳ ಬೇಗ ನಕ್ಷತ್ರಗಳಾಗಿ ಮಾಡುತ್ತಿದ್ದವು ಎಂದು ಕೆಲವರು. ನಕ್ಷತ್ರಗಳು ಒಮ್ಮೆಲೇ ಹುಟ್ಟಿ ಆಮೇಲೆ ಬಿಡುವು, ನಮಗೆ ಕಾಣುವುದು ಆ ಭರಾಟೆಯ ಹೊತ್ತಿನವು ಮಾತ್ರ ಎಂದು ಇನ್ನು ಕೆಲವರು. ಹೊಳಪಿನ ಒಂದು ಪಾಲು ನಡುವಿನ ಕಪ್ಪುಕುಳಿಯದ್ದು ಎನ್ನುವವರೂ ಇದ್ದಾರೆ. ಇವರಲ್ಲಿ ಯಾರೂ ಬಿಗ್ ಬ್ಯಾಂಗ್ ಬೇಡ ಎನ್ನುತ್ತಿಲ್ಲ, ಗ್ಯಾಲಕ್ಸಿ ಹುಟ್ಟುವ ಬಗೆಯ ಲೆಕ್ಕ ತಿದ್ದಬೇಕು ಎನ್ನುತ್ತಿದ್ದಾರೆ.

ಬೇಡ ಎನ್ನುವವರ ಮಾತು

2023ರಲ್ಲಿ ಒಟ್ಟಾವಾ ವಿಶ್ವವಿದ್ಯಾಲಯದ ರಾಜೇಂದ್ರ ಗುಪ್ತಾ ವಿಶ್ವದ ವಯಸ್ಸು 1,380 ಕೋಟಿ ಅಲ್ಲ, 2,670 ಕೋಟಿ ವರ್ಷ ಎಂದರು. ‘ಎರಡು ಪಟ್ಟಂತೆ’ ಎಂಬ ಸುದ್ದಿಯ ಮೂಲ ಇದು. ಬೆಳಕು ದೂರ ಸಾಗುತ್ತ ಸಾಗುತ್ತ ದಣಿದು ಕೆಂಪಾಗುತ್ತದೆ ಎಂಬ ಹಳೆಯ ವಾದವನ್ನು ಅವರು ಹಿಗ್ಗುವ ವಿಶ್ವದ ಜತೆ ಬೆರೆಸಿದ್ದಾರೆ. ದಣಿದ ಬೆಳಕಿನ ವಾದಕ್ಕೆ ಹಳೆಯ ತೊಡಕೊಂದಿದೆ. ದೂರದ ಸೂಪರ್‌ನೋವಾಗಳು, ಅಂದರೆ ಸ್ಫೋಟಿಸುವ ನಕ್ಷತ್ರಗಳು, ನಮಗೆ ನಿಧಾನವಾಗಿ ಹೊಳೆದು ನಿಧಾನವಾಗಿ ಆರುವಂತೆ ಕಾಣುತ್ತವೆ. ಜಾಗ ಹಿಗ್ಗಿದರೆ ಹೀಗಾಗಲೇಬೇಕು. ಬರೀ ಬೆಳಕು ದಣಿದರೆ ಬಣ್ಣ ಬದಲಾಗಬಹುದು, ಸ್ಫೋಟ ಯಾಕೆ ನಿಧಾನವಾಗುತ್ತದೆ? ಹೆಚ್ಚಿನ ಖಗೋಳಜ್ಞರು ಗುಪ್ತಾ ಅವರ ಲೆಕ್ಕವನ್ನು ಒಪ್ಪಿಲ್ಲ.

ಬಿಗ್ ಬ್ಯಾಂಗನ್ನು ಪ್ರಶ್ನಿಸುವುದು ಹೊಸದೇನಲ್ಲ, ಮತ್ತು ಪ್ರಶ್ನಿಸಿದವರೆಲ್ಲ ಏನೋ ಒಂದು ಹೇಳಿಬಿಡುವ ಜನವೂ ಅಲ್ಲ. ನಮ್ಮ ಗಡಿಯ ಇನ್ನೊಂದು ಮೂಲೆ ಕೊಲ್ಹಾಪುರ. ಅಲ್ಲಿ 1938ರಲ್ಲಿ ಹುಟ್ಟಿದ ಜಯಂತ ನಾರ್ಳೀಕರ್ ತಮ್ಮ ಗುರು ಫ್ರೆಡ್ ಹಾಯ್ಲ್ ಜತೆ ಸೇರಿ, ವಿಶ್ವಕ್ಕೆ ಒಂದು ಆರಂಭ ಬೇಕಿಲ್ಲ ಎಂದು ಗಣಿತ ಹಿಡಿದು ವಾದಿಸಿದರು. ಅವರ ಪ್ರಕಾರ ವಿಶ್ವ ಯಾವತ್ತೂ ಹೆಚ್ಚುಕಡಿಮೆ ಹೀಗೇ ಇತ್ತು.

ಹಾಗಿದ್ದರೆ ದೂರದ, ಅಂದರೆ ಹಳೆಯ ಗ್ಯಾಲಕ್ಸಿಗಳೂ ಹತ್ತಿರದವುಗಳ ಹಾಗೇ ಇರಬೇಕು. ಇದನ್ನು ಅಳೆದದ್ದು ಗಡಿಯ ಮತ್ತೊಂದು ಮೂಲೆಯಲ್ಲಿ, ಬಡಗರ ನಾಡು ನೀಲಗಿರಿಯಲ್ಲಿ. ಊಟಿಯ ಹತ್ತಿರ ಗೋವಿಂದ ಸ್ವರೂಪ್ ತಂಡ 1970ರಲ್ಲಿ ಕಟ್ಟಿ ಮುಗಿಸಿದ ರೇಡಿಯೋ ದೂರದರ್ಶಕ 530 ಮೀಟರ್ ಉದ್ದ, 30 ಮೀಟರ್ ಅಗಲ. ಸುಮಾರು 11 ಡಿಗ್ರಿ ಇಳಿಜಾರಿನ ಗುಡ್ಡವನ್ನೇ ಹುಡುಕಿ ಅದನ್ನು ಕಟ್ಟಿದರು. ಊಟಿಯ ಅಕ್ಷಾಂಶವೂ 11 ಡಿಗ್ರಿ. ಹಾಗಾಗಿ ಅದರ ಉದ್ದದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಕೂತಿದೆ, ಒಂದೇ ಕಡೆ ಹೊರಳಿಸಿದರೆ ಸಾಕು, ಆಕಾಶದ ವಸ್ತುವನ್ನು ಗಂಟೆಗಟ್ಟಲೆ ಹಿಂಬಾಲಿಸುತ್ತದೆ.

ಅದರ ಮೊದಲ ಕೆಲಸಕ್ಕೆ ಸಹಾಯ ಮಾಡಿದ್ದು ನಮ್ಮ ಚಂದ್ರ. ಚಂದ್ರ ಒಂದು ರೇಡಿಯೋ ಗ್ಯಾಲಕ್ಸಿಯ ಎದುರು ಬಂದಾಗ ಸಿಗ್ನಲ್ ನಿಲ್ಲುತ್ತದೆ. ಥಟ್ಟನೆ ನಿಂತರೆ ಆ ಗ್ಯಾಲಕ್ಸಿ ಆಕಾಶದಲ್ಲಿ ಚಿಕ್ಕದು, ನಿಧಾನವಾಗಿ ಇಳಿದರೆ ದೊಡ್ಡದು. ಚಂದ್ರನ ಅಂಚೇ ಅಳತೆಪಟ್ಟಿ! ಹೀಗೆ ನೂರಾರು ಅಳತೆ ಮಾಡಿದಾಗ ಹಿಂದಿನ ವಿಶ್ವ ಈಗಿನಂತೆ ಇರಲಿಲ್ಲ ಎಂಬ ಕಡೆಗೇ ತಕ್ಕಡಿ ವಾಲಿತು. ತಮಾಷೆ ಎಂದರೆ ಸ್ವರೂಪ್, ನಾರ್ಳೀಕರ್ ಇಬ್ಬರೂ ಆಗ ಒಂದೇ ಸಂಸ್ಥೆಯವರು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದವರು. ನಾರ್ಳೀಕರ್ ಹಿಂದೆ ಸರಿಯಲಿಲ್ಲ. 1993ರಲ್ಲಿ ಹಾಯ್ಲ್ ಮತ್ತು ಜೆಫ್ರಿ ಬರ್ಬಿಜ್ ಜತೆ ಸಿದ್ಧಾಂತವನ್ನು ತಿದ್ದಿ ಮತ್ತೆ ಮಂಡಿಸಿದರು. 2025ರ ಮೇ 20ರಂದು ಪುಣೆಯಲ್ಲಿ ತೀರಿಕೊಂಡರು. ಅವರ ಪಕ್ಷ ಸೋತಿತು ಎಂದೇ ಹೇಳಬೇಕು. ಆದರೆ ಅವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ಅಳತೆ ಬೇಕಾಯಿತು, ಫಾರ್ವರ್ಡ್ ಮಾಡಿದ ಮೆಸೇಜ್ ಸಾಕಾಗಲಿಲ್ಲ.

67 ಮತ್ತು 73ರ ಜಗಳ

ಇವತ್ತಿನ ನಿಜವಾದ ಜಗಳ ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬುದರ ಮೇಲೆ. 32.6 ಲಕ್ಷ ಜ್ಯೋತಿರ್ವರ್ಷ ದೂರ ಹೆಚ್ಚಿದರೆ ಗ್ಯಾಲಕ್ಸಿ ದೂರ ಸರಿಯುವ ವೇಗ ಸೆಕೆಂಡಿಗೆ ಎಷ್ಟು ಕಿಲೋಮೀಟರ್ ಹೆಚ್ಚುತ್ತದೆ? ಬಿಗ್ ಬ್ಯಾಂಗ್‌ನ ಉಳಿದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ (ಇದು ಹಾರಿಸಿದ ಜಾತಿಯದು) ಉತ್ತರ ಸುಮಾರು 67. ನಕ್ಷತ್ರ, ಸೂಪರ್‌ನೋವಾಗಳಿಂದ ಅಳೆಯುವ ಆಡಮ್ ರೀಸ್ ತಂಡದ ಉತ್ತರ 73.

ಎರಡನೆಯ ದಾರಿ ಶುರುವಾದದ್ದು ಒಂದು ಫೋಟೋದಿಂದ. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಆಂಡ್ರೊಮೆಡಾವನ್ನು ಗಾಜಿನ ಪ್ಲೇಟಿನಲ್ಲಿ ಹಿಡಿದರು. ಒಂದು ಚುಕ್ಕೆಯ ಪಕ್ಕ ‘ನೋವಾ’ (ಒಮ್ಮೆಲೇ ಹೊಳೆದು ಆರುವ ನಕ್ಷತ್ರ) ಎಂದು ಸೂಚಿಸಲು ‘ಎನ್’ ಬರೆದಿದ್ದರು. ಹಳೆಯ ಪ್ಲೇಟ್‌ಗಳ ಜತೆ ಹೋಲಿಸಿದಾಗ ಅದು ಮತ್ತೆ ಮತ್ತೆ ಮಿನುಗಿ ಮಂಕಾಗುವ ಸೆಫೀಡ್ ನಕ್ಷತ್ರ ಎಂದು ತಿಳಿಯಿತು. ‘ಎನ್’ ಹೊಡೆದುಹಾಕಿ ‘ವಾರ್!’ ಎಂದು ಬರೆದರು, ‘ಬದಲಾಗುವ ನಕ್ಷತ್ರ’ ಎಂಬುದರ ಗಿಡ್ಡ ರೂಪ. ಮಿನುಗುವ ಅವಧಿಯಿಂದ ಅಂಥ ನಕ್ಷತ್ರದ ನಿಜವಾದ ಹೊಳಪು ಗೊತ್ತಾಗುತ್ತದೆ, ಹೊಳಪಿನಿಂದ ದೂರ. ಇದನ್ನು ಕಂಡುಹಿಡಿದವರು ಹೆನ್ರಿಯೆಟ್ಟಾ ಲೆವಿಟ್. ಆಂಡ್ರೊಮೆಡಾ ನಮ್ಮ ಆಕಾಶಗಂಗೆಯ ಹೊರಗಿನದು ಎಂದು ಸಾಬೀತಾದದ್ದು ಆ ಒಂದು ಚುಕ್ಕೆಯಿಂದ.

ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಸೆಫೀಡ್‌ಗಳು ಅಕ್ಕಪಕ್ಕದ ನಕ್ಷತ್ರಗಳ ಜತೆ ಅಂಟಿಕೊಂಡು ಹೆಚ್ಚು ಹೊಳೆಯುವಂತೆ ಕಂಡಿರಬಹುದು, 73 ಬಂದದ್ದು ಅದಕ್ಕೇ ಎಂಬ ಅನುಮಾನ ಇತ್ತು. ಜೇಮ್ಸ್ ವೆಬ್ ಇನ್ನಷ್ಟು ಸ್ಪಷ್ಟವಾಗಿ ಬಿಡಿಸಿ ನೋಡಿತು, ರೀಸ್ ತಂಡದ ಪ್ರಕಾರ ಅಂಟಿಕೊಂಡದ್ದು ಕಾರಣವಲ್ಲ. ವೆಂಡಿ ಫ್ರೀಡ್‌ಮನ್ ತಂಡ ಬೇರೆ ಬಗೆಯ ನಕ್ಷತ್ರಗಳನ್ನೂ ಸೇರಿಸಿ ಅಳೆದು ಸುಮಾರು 70 ಎನ್ನುತ್ತದೆ, ಅಂದರೆ ಜಗಳ ಅಷ್ಟೇನೂ ದೊಡ್ಡದಲ್ಲ ಎನ್ನುತ್ತದೆ. 73 ನಿಂತರೆ ಆರಂಭದ ವಿಶ್ವದ ಬಗ್ಗೆ ನಮಗೆ ತಿಳಿಯದ ಏನೋ ಇದೆ ಎಂದಾಗುತ್ತದೆ. 70ರ ಹತ್ತಿರ ಬಂದರೆ ಯಾರದೋ ಅಳತೆಯ ಒಂದು ಮೆಟ್ಟಿಲು ಸಡಿಲ ಇತ್ತು ಎಂದಾಗುತ್ತದೆ.

ಚುಕ್ಕೆಗಳ ಸಾಲು

ಚಿಲಿಯ ವೇರಾ ರೂಬಿನ್ ವೀಕ್ಷಣಾಲಯ 2025ರ ಜೂನ್ 23ರಂದು ಮೊದಲ ಚಿತ್ರಗಳನ್ನು ಹೊರಬಿಟ್ಟಿತು. ಅದರ ಕ್ಯಾಮೆರಾ 3,200 ಮೆಗಾಪಿಕ್ಸೆಲ್. ಹತ್ತು ಗಂಟೆಯ ಚಿತ್ರಗಳಲ್ಲೇ 2,104 ಹೊಸ ಕ್ಷುದ್ರಗ್ರಹ ಸಿಕ್ಕವು. ಹತ್ತು ವರ್ಷ ದಕ್ಷಿಣದ ಆಕಾಶವನ್ನೆಲ್ಲ ಅದು ಮತ್ತೆ ಮತ್ತೆ ಚಿತ್ರಿಸಲಿದೆ. ಅಂದರೆ ‘ಹೊಸ ಚುಕ್ಕೆ ಸಿಕ್ಕಿತು’ ಎಂಬ ಸುದ್ದಿ ಇನ್ನು ದಿನವೂ ಬರಬಹುದು.

ಆ ಚುಕ್ಕೆ ಏನು ಎಂದು ತೀರ್ಮಾನಿಸಲು ರೋಹಿತ ಬೇಕು. ರೋಹಿತಕ್ಕೆ ದೊಡ್ಡ ದೂರದರ್ಶಕಗಳ ಸಮಯ ಬೇಕು. ಜೇಮ್ಸ್ ವೆಬ್‌ನ ನಾಲ್ಕನೆಯ ವರ್ಷಕ್ಕೆ ವಿಜ್ಞಾನಿಗಳು ಕೇಳಿದ ಸಮಯ, ಅದು ಕೊಡಬಲ್ಲ ಸಮಯದ ಸುಮಾರು ಒಂಬತ್ತು ಪಟ್ಟು. ಚುಕ್ಕೆಗಳು ಜಾಸ್ತಿಯಾದ ಹಾಗೆ ಸುದ್ದಿಗೂ ಪರೀಕ್ಷೆಗೂ ನಡುವಿನ ಕಾಲವೂ ಉದ್ದವಾಗುತ್ತದೆ. ಸೀರ್ಸ್-93316ಕ್ಕೆ ಒಂದು ವರ್ಷದೊಳಗೆ ಸರದಿ ಸಿಕ್ಕಿತ್ತು. ಮುಂದಿನವು ‘ಇರಬಹುದು’ ಎಂಬ ಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಕಾಲ ಕಾಯಬೇಕಾದೀತು.